ಬಜೆ ಹಚ್ಚಿದ ನಾಲಿಗೆ

ಶಲವಡಿ, ಮೇ ೧೯೮೬

ಅಪ್ಪಾ,

ನೀವಿಲ್ಲ, ಇದನ್ನು ಓದುವುದೂ ಇಲ್ಲ. ಅದಕ್ಕೇ ಸಿಟ್ಟು ನುಂಗದೆ ಬರೆಯುತ್ತಿದ್ದೇನೆ.

ಪ್ರತಿ ಬೇಸಿಗೆಯಂತೆ ಈ ಸಲವೂ ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಶಿಬಿರಕ್ಕೆ ಬಂದಿದ್ದೇನೆ. ಇವತ್ತು ಶಂಭುಲಿಂಗಪ್ಪ ಎಂಬವರು ಪುಟ್ಟ ಮಗಳನ್ನು ಕರೆತಂದರು. ಅವಳ ಬೆನ್ನ ಹಿಂದೆ ತಾಟು ಬಡಿದೆ, ತಿರುಗಿ ನೋಡಲಿಲ್ಲ. ಬಾಯಿ ತೆರೆಸಿದರೆ, ಮಾತು ಬರಲೆಂದು ಬಜೆ ಬೇರು ತಿಕ್ಕಿ ತಿಕ್ಕಿ ನಾಲಿಗೆ ಹುಣ್ಣಾಗಿತ್ತು.

"ಇಕಿಗೆ ಕಿವಿ ಕೇಳಂಗಿಲ್ರಿ. ನಾಲಿಗಿ ತಿಕ್ಕಿದ್ರ ಏನ್ ಬಂತು? ಕಿವಿಗೆ ಮಿಷನ್ ಹಾಕಸ್ರಿ."

"ಮಿಷನ್ ಹಾಕಿದ್ರ ಮಂದಿ ಕಿವುಡಿ ಅಂತಾರ್ರಿ. ನಾಳೆ ಯಾರ್ ಲಗ್ನ ಆಗ್ತಾರ? ಬಜಿ ಹಚ್ಚಾಕತ್ತೀವಲ್ಲ, ದೊಡ್ಡಾಕಿ ಆದ್ರ ತಾನ ಮಾತಾಡ್ತಾಳ."

ನಿಮ್ಮದೇ ಮಾತು, ಅಪ್ಪಾ! ನೀಲಕ್ಕನ ನಾಲಿಗೆಗೆ ನೀವೂ ಬೆಳಗಾದರೆ ಬಜೆ ತಿಕ್ಕುತ್ತಿದ್ದಿರಿ. ಹುಬ್ಬಳ್ಳಿಯ ಡಾಕ್ಟರು ಹೇಳಿದ ಮಿಷನ್ನು ಮಾತ್ರ ಬೇಡವೆಂದಿರಿ. ಅಕ್ಕನಿಗೆ ಮಾತೂ ಬರಲಿಲ್ಲ, ಲಗ್ನವೂ ಆಗಲಿಲ್ಲ.

ನಾನು ಶಂಭುಲಿಂಗಪ್ಪನವರ ಮೇಲೆ ಹರಿಹಾಯ್ದೆ. ಅವರು ಮಗಳನ್ನು ಎತ್ತಿಕೊಂಡು ಹೋಗಿಯೇಬಿಟ್ಟರು. ಸಂಜೆಯವರೆಗೆ ದಾರಿ ಕಾಯ್ದೆ. ಬರಲಿಲ್ಲ.

ಅವರಿಗೆ ಹೇಳಲು ಆಗದ್ದನ್ನು ನಿಮಗೆ ಹೇಳುತ್ತೇನೆ. ಹೋದ ಬೇಸಿಗೆ, ನಾನು ಹೀಗೇ ಒಂದು ಶಿಬಿರದಲ್ಲಿದ್ದಾಗ, ಕೊನೆಗಳಿಗೆಯಲ್ಲಿ ನೀವು "ನೀಲಾ, ನೀರ ತಾರವ್ವಾ" ಎಂದು ಕೂಗುತ್ತಲೇ ಇದ್ದಿರಂತೆ. ಆ ಕೂಗಿಗೆ ಬಾಜೂ ಮನೆಯ ಫಾತಿಮಾಬಿ ಓಡಿ ಬಂದರಂತೆ. ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ನೀಲಕ್ಕ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತು, ನಿಮಗಾಗಿ ಇನ್ನೂ ರೊಟ್ಟಿ ಬಡಿಯುತ್ತಿದ್ದಳಂತೆ.