ಬಾಯಿಗೆ ಬಾರದ ಹ

ಜೂನ್ 18
ಎರಡನೇ ತರಗತಿ. ಮತ್ತೆ ಹ ಅಕ್ಷರದ ಪಾಠ. ಚೈತ್ರ ಎಂದಿನಂತೆ "ಅಳ್ಳಿ" ಅಂದಳು. ಈ ದೊಡ್ಡಗಾಜನೂರಿನಲ್ಲಿ ಯಾರ ಬಾಯಿಗೂ ಹ ಬರುವುದಿಲ್ಲ, ನನ್ನ ಅವ್ವನಿಗೂ. "ಹಳ್ಳಿ ಕಣೇ, ಎದೆಯಿಂದ ಉಸಿರು ಬರಬೇಕು" ಅಂತ ತೋರಿಸಲು ಹೋಗಿ ನನಗೇ ಕೆಮ್ಮು. ನಿಲ್ಲಲೇ ಇಲ್ಲ. ಮಕ್ಕಳಿಗೆ ಖುಷಿ — ಪಾಠ ತಪ್ಪಿತಲ್ಲ!
ಜ್ವರವೂ ಇದೆ. ಮತ್ತೆ ನ್ಯುಮೋನಿಯಾ, ಮತ್ತೆ ಅದೇ ಎಡಗಡೆ. ತಾಳವಾಡಿ ಡಾಕ್ಟರು ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಅಂದರು.

ಜೂನ್ 27, ಮೈಸೂರು
ಗೊತ್ತಾಯಿತು. ಎಡ ಶ್ವಾಸಕೋಶದ ತಳದಲ್ಲಿ ಹುಟ್ಟಿನಿಂದಲೇ ಒಂದು ಬೇಡದ ತುಂಡು. ಉಸಿರಾಡುವುದಿಲ್ಲ. ಆದರೆ ದೊಡ್ಡ ರಕ್ತನಾಳದಿಂದ ತನಗೇ ಬೇರೆ ಲೈನ್ ಎಳೆದುಕೊಂಡಿದೆ. ಪದೇ ಪದೇ ಸೋಂಕು ಅದಕ್ಕೇ. ಮೂವತ್ತನಾಲ್ಕು ವರ್ಷದಿಂದ ಬಾಡಿಗೆ ಕೊಡದೆ ಕೂತಿದೆ! ಆಪರೇಷನ್ ಮಾಡಿ ತೆಗೆಯಬೇಕಂತೆ.
ಅವ್ವ ಡಾಕ್ಟರ ಎದುರಿಗೇ, "ಗೇಮೆ ಮಾಡ್ದೆ ಉಣ್ಣದು... ನಿಮ್ಮಪ್ಪನ ಕಡೇವ್ರ ಬುದ್ದಿ ಕಣಮ್ಮಿ ಮಾಲಿನಿ" ಅಂದಳು.
ನಾನು ಕೇಳಿದ್ದು ಒಂದೇ. ಮತ್ತೆ ಕ್ಲಾಸಿನಲ್ಲಿ ದನಿ ಎತ್ತಿ ಪಾಠ ಮಾಡಬಹುದಾ? "ಉಸಿರಿನ ವ್ಯಾಯಾಮ ಬಿಡದೆ ಮಾಡಿದರೆ, ಖಂಡಿತ" ಅಂದರು. ಆದರೂ ಭಯ. ತುಂಬಾ ಭಯ.

ಜುಲೈ 9
ಆಯಿತು. ಪಕ್ಕೆಯಲ್ಲಿ ತೂತುಗಳು, ಒಂದು ಟ್ಯೂಬ್. ಬದುಕಿದ್ದೇನೆ. ಇವತ್ತಿಗೆ ಇಷ್ಟು ಸಾಕು.

ಜುಲೈ 11
ಫಿಸಿಯೋಥೆರಪಿ ಹುಡುಗಿ ಸಂಗೀತ ಬಂದಳು. "ಜೋರಾಗಿ ಹಾ ಅನ್ನಿ ಮೇಡಂ, ಕಫ ಹೊರಗೆ ಬರಬೇಕು."
ಬಂದದ್ದು "ಆ".
ಇನ್ನೊಮ್ಮೆ. ಮತ್ತೆ "ಆ". ಊರಿನ ಮಕ್ಕಳಿಗೆಲ್ಲ ಹ ಹೇಳಿಕೊಟ್ಟವಳ ಬಾಯಲ್ಲಿ! ಅಳು ಬಂತು. ಈ ದನಿ ಇಟ್ಟುಕೊಂಡು ಯಾವ ಕ್ಲಾಸು, ಯಾವ ಪಾಠ...
ಅವ್ವ ಸಂಗೀತಳನ್ನು ಸಮಾಧಾನ ಮಾಡತೊಡಗಿದಳು: "ನಮ್ ಕಡೆ ಅದು ಇಲ್ಲ ಕಣವ್ವ. ಬ್ಯಾರೆ ಅಕ್ಸರ ಕೊಡು, ಏಳ್ತಾಳೆ."
ನಗು ತಡೆಯಲಾಗಲಿಲ್ಲ. ಹಹ್ಹಹ್ಹಾ! ಹೊಲಿಗೆಗಳೆಲ್ಲ ಚುರ್ ಅಂದವು, ಕಫವೂ ಬಂತು. "ಇದೇ ಮೇಡಂ, ಇದೇ ಹಾ!" ಅಂತ ಸಂಗೀತ ಕುಣಿದಳು. ಅವ್ವನಿಗೆ ತಾನೇನು ಮಾಡಿದೆ ಅಂತ ಇನ್ನೂ ಗೊತ್ತಿಲ್ಲ.

ಆಗಸ್ಟ್ 25
ಸ್ಕೂಲಿಗೆ ಬಂದೆ. ಬಸ್ ಸ್ಟಾಪಿನಿಂದ ಎಲ್ಲೂ ನಿಲ್ಲದೆ ನಡೆದೆ. ಬೋರ್ಡಿನ ಮೇಲೆ ಹ ಬರೆದೆ. ದನಿ ಬಾರದಿದ್ದರೆ?
ಬಾಯಿ ತೆರೆಯುವ ಮೊದಲೇ ಚೈತ್ರ ಎದ್ದಳು. "ಟೀಚರ್, ನೀವ್ ಏಳ್ಬ್ಯಾಡಿ, ಎದೆ ನೋಯ್ತದೆ. ನಾವೇ ಏಳ್ತೀವಿ."
ಇಡೀ ಕ್ಲಾಸು ಒಟ್ಟಿಗೆ — "ಅಳ್ಳಿ!"
ಉಸಿರೆಳೆದೆ. ತಳದವರೆಗೂ ಹೋಯಿತು. ಹಳ್ಳಿ ಅಂತ ತಿದ್ದಲು ಹೋದೆ, ನಗುವೇ ಮೊದಲು ಬಂತು — ಹ...