ಶಾಯಿಯ ಮೂರು ಚುಕ್ಕೆ

ಮಾರ್ಚ್ ೧೪, ಗುರುವಾರ, ರಾತ್ರಿ

ಕೀಟಲೆ ಕಲೆಯಲ್ಲಿ ಈ ಮನೆಯ ಏಕಮೇವ ಪಂಡಿತನಾದ ನಾನು ಇಂದು ಒಂದು ಸತ್ತ ಚಿಟ್ಟೆಯ ಎದುರು ಸೋತೆನೆಂದು ಇಲ್ಲಿ ದಾಖಲಿಸುತ್ತೇನೆ.

ಅಕ್ಕನ ಗಾಜಿನ ಪೆಟ್ಟಿಗೆಯಲ್ಲಿ ಎರಡು ಕಿತ್ತಳೆ ಚಿಟ್ಟೆಗಳಿವೆ. ಒಂದು ಕಹಿ, ಹಕ್ಕಿಗಳು ಮುಟ್ಟುವುದಿಲ್ಲ. ಇನ್ನೊಂದು ಅದರ ವೇಷ ಹಾಕಿ ಬದುಕುವ ನಕಲಿ. ಕಹಿಯದಕ್ಕೆ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆಗಳಿವೆ, ನಕಲಿಗಿಲ್ಲ. ಪಾಪ ಎನಿಸಿ ನಿನ್ನೆ ನಾನೇ ನಕಲಿಗೂ ಶಾಯಿಯಲ್ಲಿ ಮೂರು ಚುಕ್ಕೆ ಇಟ್ಟುಕೊಟ್ಟೆ.

ಸಂಜೆ ಅಕ್ಕ ಭೂತಗನ್ನಡಿ ಹಿಡಿದಳು. "ಲೋ ಕಪಿ, ಪೆಟ್ಟಿಗೆ ಮುಟ್ಟಿದ್ಯಾ?"

"ನಿನ್ನಾಣೆ ಇಲ್ಲ ಕಣೇ."

"ಹಾಗಾದ್ರೆ ಮೂರು ವರ್ಷ ನನ್ನ ಕಣ್ಣಿಗೇ ಪೊರೆ ಬಂದಿತ್ತು ಅನ್ನು."

ಬೈದು ನಗುತ್ತಾಳೆಂದು ಕಾದಿದ್ದೆ. ಅವಳು ಸರಿಯಿದ್ದ ಹೆಸರಿನ ಚೀಟಿ ಹರಿದು, ಎರಡಕ್ಕೂ ಒಂದೇ ಹೆಸರು ಬರೆದಳು. ನಾಳೆ ಅವಳ ಕಾಲೇಜಿನಲ್ಲಿ ಪರೀಕ್ಷಕರು ನೋಡಿ ಅಂಕ ಕೊಡುವುದು ಅದಕ್ಕೇ.

ಅವಳು ಮಲಗಿದ ಮೇಲೆ ಎಡಗಡೆಯದನ್ನು ಒದ್ದೆ ಹತ್ತಿಯಿಂದ ಒರೆಸಿದೆ. ಚುಕ್ಕೆ ಅಳಿಸಿ ಹತ್ತಿಗೆ ಬಂತು, ನಾನು ಹಿಗ್ಗಿದೆ. ನೋಡಿದರೆ ಹತ್ತಿಯ ಮೇಲೆ ಕಿತ್ತಳೆ ಪುಡಿಯೂ ಇದೆ! ರೆಕ್ಕೆಯ ಬಣ್ಣವೆಲ್ಲ ಬರೀ ಪುಡಿ. ಒರೆಸಿದರೆ ಅಸಲಿ ಚುಕ್ಕೆಯೂ ಹೀಗೇ ಬರುತ್ತದಲ್ಲವೇ? ನಿನ್ನೆ ಶಾಯಿ ಹಚ್ಚಿದ್ದೂ ಎಡಗಡೆಯದಕ್ಕೇ. ಆದರೆ ಚೀಟಿ ಬದಲಿಸುವಾಗ ಅಕ್ಕ ಎರಡು ಚಿಟ್ಟೆಗಳನ್ನೂ ಕಿತ್ತು ಮತ್ತೆ ಚುಚ್ಚಿದ್ದಳು, ಎಡ ಬಲ ಅದಲುಬದಲಾಗಿರಬಹುದು. ಹಾಗಾದರೆ ನಾನು ಅಳಿಸಿದ್ದು ನನ್ನ ಸುಳ್ಳನ್ನೋ, ಅವಳ ನಿಜವನ್ನೋ? ಮಾಡಿದವನಿಗೇ ಗುರುತಿಲ್ಲ.

ಪಕ್ಕದ ಕೋಣೆಯಲ್ಲಿ ಅವಳು ಹೊರಳಾಡುತ್ತಿದ್ದಾಳೆ. ನಿದ್ದೆ ಬಂದಂತಿಲ್ಲ. ಬೆಳಗಿನವರೆಗೆ ಕಾಯುವುದು ಬೇಡ, ಈಗಲೇ ಹೋಗುತ್ತೇನೆ. ಯಾವುದು ನಕಲಿ ಎಂದು ಅವಳೇ ನೋಡಿ ಹೇಳಬೇಕು. ಅದಕ್ಕೂ ಮೊದಲು, ನಿನ್ನ ಕಣ್ಣು ಸರಿಯಾಗೇ ಇತ್ತು ಅಕ್ಕಾ ಎಂದು—