ತೆಗೆದುಹಾಕಿದ ಏಳು ಸ್ಲೈಡುಗಳು

ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರಿಗೆ, ನಮಸ್ಕಾರ.

ನೀವು ಏಳು ಸ್ಲೈಡುಗಳನ್ನು ತೆಗೆಸಿದ ಕಥೆಯನ್ನು ನನಗೆ ಮೊದಲು ಹೇಳಿದವರು ರಕ್ತ ತೆಗೆಯುವ ನರ್ಸಮ್ಮ, ನಿನ್ನೆ ಚಹಾದ ಹೊತ್ತಿಗೆ. ಹೊಸ ಯಂತ್ರವನ್ನು ಪರೀಕ್ಷಿಸಲೆಂದು ಇನ್ನೂರು ಜನರ ರಕ್ತಕಣಗಳನ್ನು ಅದೂ ಎಣಿಸಿತು, ಗಾಜಿನ ಸ್ಲೈಡುಗಳ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನಾನೂ ಎಣಿಸಿದೆ. ಏಳರಲ್ಲಿ ತಾಳೆಯಾಗಲಿಲ್ಲ. "ಮುದುಕಪ್ಪನ ಕಣ್ಣು ಮಂಜಾಗಿದೆ, ಆ ಏಳನ್ನು ಲೆಕ್ಕದಿಂದ ತೆಗೆದುಹಾಕಿ" ಎಂದಿರಂತೆ ನೀವು.

ನನ್ನ ಕಣ್ಣಿನ ಮಾತು ಹಾಗಿರಲಿ. ಆ ಏಳರಲ್ಲಿ ಒಂದು, ನಮ್ಮ ಬಿಳಿ ಕೋಟುಗಳನ್ನು ಹೊಲಿಯುವ ಅಮ್ಮನದು. ಯಂತ್ರ ಮಾಮೂಲಿ ಎಂದ ಬಿಳಿ ಕಣಗಳು ನನಗೆ ಇನ್ನೂ ಬಲಿಯದ ಎಳೆ ಕಣಗಳಾಗಿ ಕಂಡವು, ರಕ್ತದ ಕ್ಯಾನ್ಸರಿನಲ್ಲಿ ಕಾಣುವಂಥವು. ನೀವು "ಏನೂ ಇಲ್ಲ, ಹೋಗಮ್ಮ" ಎಂದು ಆಕೆಯನ್ನು ಕಳಿಸಿಬಿಟ್ಟಿರಿ. ಯಂತ್ರವನ್ನು ಪಾಸು ಮಾಡುವ ಅವಸರದಲ್ಲಿ ಒಂದು ಸ್ಲೈಡಿನ ಮೇಲೆ ಕಣ್ಣಾಡಿಸಲೂ ನಿಮಗೆ ಪುರುಸೊತ್ತಾಗಲಿಲ್ಲವೇ?

ನರ್ಸಮ್ಮನ ಮಾತು ಕೇಳಿದ ನಾಲ್ವರು ಟೆಕ್ನೀಷಿಯನ್ನರು ಇವತ್ತು ಬೆಳಗ್ಗೆ ಬೇಗ ಬಂದು, ಒಬ್ಬರಿಗೊಬ್ಬರು ಹೇಳದೆ, ಆ ಅಮ್ಮನ ಸ್ಲೈಡನ್ನು ನೋಡಿದರು. ನಾಲ್ವರೂ ಬರೆದದ್ದು ಒಂದೇ: ಎಳೆ ಕಣಗಳು. ಚೀಟಿಗಳನ್ನು ಲಗತ್ತಿಸಿದ್ದೇನೆ. ಯಂತ್ರದ ವರದಿಗೆ ನಾವು ಯಾರೂ ಸಹಿ ಹಾಕುವುದಿಲ್ಲ. ನರ್ಸಮ್ಮ ಆ ಅಮ್ಮನನ್ನು ಕರೆತರಲು ಹೋಗಿದ್ದಾರೆ. ದಯವಿಟ್ಟು ಹತ್ತು ಗಂಟೆಗೆ ಕೋಣೆಯಲ್ಲಿರಿ. ಆಕೆಗೆ ಹೇಳಬೇಕಾದವರು ನೀವು.

ಇತಿ,
ಹಿರಿಯ ಟೆಕ್ನೀಷಿಯನ್